ಹದಿನಾಲ್ಕಕ್ಕೇ ಹಣೆಬರಹ

ಪಶ್ಚಿಮ ಕೆನಡಾದಲ್ಲಿ ಚಳಿ ಹಿಂದೆ ಸರಿದು ವಸಂತ ಕಾಲಿಡುವ ಹೊತ್ತಿಗೆ ಜೂನಿಯರ್ ಐಸ್ ಹಾಕಿಯ ವೆಸ್ಟರ್ನ್ ಹಾಕಿ ಲೀಗ್‌ನ ಡ್ರಾಫ್ಟ್ ನಡೆಯುತ್ತದೆ. ಮ್ಯಾನಿಟೋಬಾ, ಸಸ್ಕಾಚೆವನ್, ಆಲ್ಬರ್ಟಾ, ಬ್ರಿಟಿಷ್ ಕೊಲಂಬಿಯಾ ಮತ್ತು ಅವುಗಳ ಉತ್ತರಕ್ಕಿರುವ ಪ್ರದೇಶಗಳ ಹುಡುಗರನ್ನು ತಂಡಗಳು ಸರದಿಯ ಮೇಲೆ ಒಬ್ಬೊಬ್ಬರಾಗಿ ಹೆಸರಿಸುತ್ತವೆ. ಆ ಹುಡುಗರಿಗೆ ಆಗ ಹದಿನಾಲ್ಕು, ಹೆಚ್ಚೆಂದರೆ ಹದಿನೈದು. ಹೆಸರಿಸಿದ ತಂಡಕ್ಕೆ ಆ ಲೀಗ್‌ನ ಮಟ್ಟಿಗೆ ಅವನ ಮೇಲೆ ಹಕ್ಕು ಸಿಗುತ್ತದೆ. ಯಾವ ಊರಿಗೆ ಹೋಗಬೇಕು, ಯಾವ ಕೋಚ್‌ನ ಕೈಕೆಳಗೆ ಆಡಬೇಕು ಎಂಬುದು ಅವನ ಆಯ್ಕೆಯಲ್ಲ. ಮನೆ ವ್ಯಾಂಕೂವರ್‌ನಲ್ಲಿದ್ದು ಕರೆ ಮ್ಯಾನಿಟೋಬಾದ ಬ್ರಾಂಡನ್‌ನಿಂದ ಬಂದರೆ, ನಡುವೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ.

ಈ ವ್ಯವಸ್ಥೆ ಬೆಳೆಸಿದ ಆಟ ನಿಜಕ್ಕೂ ದೊಡ್ಡದು. ಅದನ್ನು ಮೊದಲೇ ಒಪ್ಪಿಕೊಂಡು ಮುಂದೆ ಹೋಗುತ್ತೇನೆ. ಬಿಲ್ ಹಂಟರ್ ಮತ್ತು ಸಂಗಡಿಗರು 1966ರಲ್ಲಿ ಏಳು ತಂಡಗಳೊಂದಿಗೆ ಈ ಲೀಗ್ ಕಟ್ಟಿದಾಗ ಅದರಲ್ಲಿ ಎಸ್ಟೆವನ್, ವೇಬರ್ನ್‌ನಂಥ ಪುಟ್ಟ ಊರುಗಳೂ ಇದ್ದವು. ಇಂದು ಅದು ಗಡಿ ದಾಟಿ ಅಮೆರಿಕದ ವಾಷಿಂಗ್ಟನ್, ಆರೆಗನ್ ರಾಜ್ಯಗಳವರೆಗೆ ಹರಡಿದೆ. ಪ್ರತಿ ತಂಡ ಒಂದು ಋತುವಿನಲ್ಲಿ 68 ಪಂದ್ಯ ಆಡುತ್ತದೆ. 2022–23ರಲ್ಲಿ ರಿಜೈನಾ ಪ್ಯಾಟ್ಸ್ ತಂಡದ ಕಾನರ್ ಬೆಡಾರ್ಡ್ 57 ಪಂದ್ಯಗಳಲ್ಲಿ 71 ಗೋಲು ಹೊಡೆದ. ಕ್ಯಾಲ್ಗರಿಗೆ ಅವನು ಆಡಲು ಬಂದ ದಿನ ನೋಡಲು ಸೇರಿದವರು ಹದಿನೇಳು ಸಾವಿರಕ್ಕೂ ಹೆಚ್ಚು. ಆಗಿನ್ನೂ ಅವನಿಗೆ ಹದಿನೇಳು. ಅವನ ಕೈಚಳಕ ಕಂಡವರು ಆ ಜನಜಂಗುಳಿಗೆ ಅಚ್ಚರಿಪಡಲಾರರು. ಪಕ್ಕನ್ನು ಮೈಯ ಹತ್ತಿರಕ್ಕೆ ಎಳೆದುಕೊಳ್ಳುತ್ತಲೇ ಸ್ಟಿಕ್ಕಿನ ಕೋನ ಬದಲಿಸಿ ಹೊಡೆಯುತ್ತಿದ್ದ. ಗೋಲಿ ಒಂದು ಕಡೆ ಕಣ್ಣಿಟ್ಟಿದ್ದರೆ ಚೆಂಡಿನ ಬದಲು ಬರುವ ಆ ರಬ್ಬರ್ ಬಿಲ್ಲೆ ಇನ್ನೊಂದು ಕಡೆಯಿಂದ ಬಂದಿರುತ್ತಿತ್ತು.

ಆದರೆ ಬೆಡಾರ್ಡ್‌ನಂಥವನನ್ನು ಗುರುತಿಸಲು ಯಾವ ವ್ಯವಸ್ಥೆಯೂ ಬೇಕಿಲ್ಲ, ಕಣ್ಣಿದ್ದರೆ ಸಾಕು. ಅವನ ಸುತ್ತ ಆಡಿದ, ಅವನಂತಾಗದ ನೂರಾರು ಹುಡುಗರನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದರಿಂದಲೇ ಒಂದು ಆಯ್ಕೆಪದ್ಧತಿಯ ಬೆಲೆ ಕಟ್ಟಬೇಕು. ಆ ಅಳತೆಯಲ್ಲಿ ಈ ಪದ್ಧತಿ ಸೋಲುತ್ತದೆ, ಸೋಲಿಗೆ ಮೂಲ ಕಾರಣ ಅದು ಆರಿಸುವ ವಯಸ್ಸು ಎಂಬುದು ನನ್ನ ವಾದ.

ಇದಕ್ಕೆ ಪುರಾವೆ ಮೊದಲು ಕಂಡದ್ದು ಇದೇ ಲೀಗ್‌ನ ಅಂಗಳದಲ್ಲಿ. 1980ರ ದಶಕದ ಆರಂಭದಲ್ಲಿ ಮನಶ್ಶಾಸ್ತ್ರಜ್ಞ ರಾಜರ್ ಬಾರ್ನ್ಸ್ಲಿ ದಕ್ಷಿಣ ಆಲ್ಬರ್ಟಾದ ಲೆತ್‌ಬ್ರಿಜ್‌ನಲ್ಲಿ ಮನೆಯವರೊಂದಿಗೆ ಪಂದ್ಯ ನೋಡಲು ಹೋಗಿದ್ದರು. ಮಡದಿ ಪೌಲಾ ಪಂದ್ಯದ ಕೈಪಿಡಿ ತಿರುವುತ್ತಾ ಆಟಗಾರರ ಪಟ್ಟಿಯ ಹುಟ್ಟಿದ ದಿನಾಂಕಗಳ ಮೇಲೆ ಕಣ್ಣಾಡಿಸಿದರು. ಜನವರಿ, ಫೆಬ್ರವರಿ, ಮಾರ್ಚ್‌ಗಳೇ ಮತ್ತೆ ಮತ್ತೆ ಕಂಡವು. ಆ ಕುತೂಹಲ ಅಧ್ಯಯನವಾಗಿ ಬೆಳೆದು 1985ರಲ್ಲಿ ಪ್ರಕಟವಾಯಿತು. ಕೆನಡಾದ ಹಾಕಿಯಲ್ಲಿ ವಯೋಗುಂಪಿನ ಗಡಿ ಜನವರಿ 1. ಜನವರಿಯ ಹುಡುಗನೂ ಡಿಸೆಂಬರಿನ ಹುಡುಗನೂ ಕಾಗದದಲ್ಲಿ ಒಂದೇ ವಯಸ್ಸಿನವರು, ಮೈಯಲ್ಲಿ ಹೆಚ್ಚುಕಡಿಮೆ ಒಂದು ವರ್ಷದ ಅಂತರ. ಒಂಬತ್ತು ಹತ್ತು ವರ್ಷದವರಲ್ಲಿ ಆ ಅಂತರವೇ ಪ್ರತಿಭೆಯಂತೆ ಕಾಣುತ್ತದೆ. ದೊಡ್ಡವನಾಗಿ ಕಂಡವನಿಗೆ ಒಳ್ಳೆಯ ತಂಡ, ಒಳ್ಳೆಯ ಕೋಚ್, ರಿಂಕಿನಲ್ಲಿ ಹೆಚ್ಚು ಹೊತ್ತು ಸಿಗುತ್ತದೆ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅವನು ನಿಜವಾಗಿಯೂ ಮುಂದಿರುತ್ತಾನೆ. ಮೊದಲು ಕಣ್ಣಿಗೆ ಕಟ್ಟಿದ ಭ್ರಮೆ ಹೀಗೆ ಕೊನೆಗೆ ನಿಜವೇ ಆಗಿಬಿಡುತ್ತದೆ.

ಇದು ಗೊತ್ತಾಗಿ ನಾಲ್ಕು ದಶಕ ಕಳೆದಿದೆ. ಆದರೂ ಲೀಗ್ ತನ್ನ ಡ್ರಾಫ್ಟನ್ನು 1990ರಲ್ಲಿ ಶುರುಮಾಡಿದ್ದು ಈ ಎಳೆಯ ವಯಸ್ಸಿನಲ್ಲೇ. ಹೆಸರು ಆಮೇಲೆ ಬದಲಾಯಿತು, ವಯಸ್ಸು ಬದಲಾಗಲಿಲ್ಲ.

ಇನ್ನೊಂದು ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು, ಹಾಗೆ ನೋಡುವವರು ಕಡಿಮೆ. ಐಸ್ ಹಾಕಿಯಲ್ಲಿ ಎದುರಾಳಿಗೆ ಮೈಯಿಂದಲೇ ಗುದ್ದಿ ಪಕ್ ಕಸಿಯುವುದು ನಿಯಮಬದ್ಧ ಆಟ. ಹನ್ನೊಂದು ಹನ್ನೆರಡು ವರ್ಷದ ಮಕ್ಕಳಿಗೂ ಆಲ್ಬರ್ಟಾದಲ್ಲಿ ಇದಕ್ಕೆ ಅನುಮತಿಯಿತ್ತು, ಕ್ವಿಬೆಕ್‌ನಲ್ಲಿ ಇರಲಿಲ್ಲ. ಕ್ಯಾಲ್ಗರಿ ವಿಶ್ವವಿದ್ಯಾಲಯದ ಕೆರೊಲಿನ್ ಎಮರಿ ಮತ್ತು ಸಹ ಸಂಶೋಧಕರು ಎರಡೂ ಕಡೆಯ ಮಕ್ಕಳನ್ನು ಹೋಲಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಲ್ಬರ್ಟಾದ ಮಕ್ಕಳಿಗೆ ತಲೆಗೆ ಪೆಟ್ಟು ಬಿದ್ದು ಮಿದುಳು ಅಲುಗುವ ಅಪಾಯ ಮೂರು ಪಟ್ಟಿಗೂ ಹೆಚ್ಚು ಎಂದು ಅದು ತೋರಿಸಿತು. 2013ರಲ್ಲಿ ಆಲ್ಬರ್ಟಾ ಆ ವಯಸ್ಸಿನವರಿಗೆ ಗುದ್ದಾಟ ನಿಷೇಧಿಸಿತು, ಹಾಕಿ ಕೆನಡಾ ಅದನ್ನೇ ದೇಶಕ್ಕೆಲ್ಲ ಅನ್ವಯಿಸಿತು. ಹೀಗೆ ಮಾಡಿದರೆ ಮಕ್ಕಳು ಮೆತ್ತಗಾಗುತ್ತಾರೆ, ಆಟ ಹಾಳಾಗುತ್ತದೆ ಎಂದು ಕೂಗಿದವರಿದ್ದರು. ಆಟ ಹಾಳಾಗಲಿಲ್ಲ. ಪಶ್ಚಿಮ ಕೆನಡಾದ ಹಾಕಿ ಮಾಡಿದ ಅತ್ಯಂತ ಒಳ್ಳೆಯ ಕೆಲಸಗಳಲ್ಲಿ ಇದೊಂದು ಎಂದು ನನಗೆ ಅನಿಸುತ್ತದೆ.

ಆದರೆ ಇದರ ಪರಿಣಾಮ ಡ್ರಾಫ್ಟಿನ ಮೇಲೆ ಏನಾಯಿತು ನೋಡಿ. ಈಗ ಹುಡುಗ ಮೈಗುದ್ದಾಟ ಕಲಿಯಲು ತೊಡಗುವುದು ಹದಿಮೂರರ ಸುಮಾರಿಗೆ. ಆ ಹಂತದ ಎರಡನೆಯ ವರ್ಷ ಮುಗಿಯುತ್ತಲೇ ಡ್ರಾಫ್ಟ್. ಒಬ್ಬನಿಗೆ ಮೀಸೆ ಚಿಗುರಿದೆ, ಇನ್ನೊಬ್ಬನ ದನಿಯೇ ಒಡೆದಿಲ್ಲ. ಇಬ್ಬರೂ ಒಂದೇ ರಿಂಕಿನಲ್ಲಿ ಮೊದಲ ಬಾರಿಗೆ ಮೈಗೆ ಮೈ ತಾಗಿಸಿ ಆಡುತ್ತಿದ್ದಾರೆ. ಗ್ಯಾಲರಿಯಲ್ಲಿ ಕೂತ ಸ್ಕೌಟ್ ಆಗಲೇ ಟಿಪ್ಪಣಿ ಬರೆಯುತ್ತಿದ್ದಾನೆ. ಬೆಳವಣಿಗೆಯ ವೇಗ ಅತಿ ಹೆಚ್ಚು ಏರುಪೇರಾಗುವ ಎರಡು ವರ್ಷಗಳನ್ನೇ ಹುಡುಕಿ ಪರೀಕ್ಷೆ ಇಟ್ಟಂತಿದೆ ಈ ಏರ್ಪಾಟು. ಇದಕ್ಕಿಂತ ಕೆಟ್ಟ ಸಮಯ ಹುಡುಕಿದರೂ ಸಿಗಲಾರದು.

ಲೀಗ್‌ನದೇ ನಿಯಮ ಅದರ ವಿರುದ್ಧ ಸಾಕ್ಷಿ ಹೇಳುತ್ತದೆ. ಹದಿನೈದು ವರ್ಷದ ಹುಡುಗ ಲೀಗ್‌ನಲ್ಲಿ ಪೂರ್ಣಾವಧಿ ಆಡುವಂತಿಲ್ಲ, ಸೀಮಿತ ಸಂಖ್ಯೆಯ ಪಂದ್ಯಗಳಿಗಷ್ಟೇ ಅವಕಾಶ. ಅದಕ್ಕೆ ಹೊರತಾಗಲು 'ಅಸಾಧಾರಣ ಆಟಗಾರ' ಎಂಬ ಮನ್ನಣೆ ಬೇಕು. 2020ರಲ್ಲಿ ಬೆಡಾರ್ಡ್ ಈ ಲೀಗ್‌ನಲ್ಲಿ ಅದನ್ನು ಪಡೆದ ಮೊದಲಿಗ, 2024ರಲ್ಲಿ ಕ್ಯಾಲ್ಗರಿಯ ಲ್ಯಾಂಡನ್ ಡ್ಯುಪಾಂಟ್ ಎರಡನೆಯವನು. ಅಂದರೆ ಹದಿನೈದರ ಹುಡುಗನ ಮೈ ಮನಸ್ಸು ಇನ್ನೂ ಬಲಿತಿಲ್ಲ ಎಂದು ಲೀಗ್ ಬಲ್ಲದು. ಆಡಿಸಲು ಎಳೆಯನಾದವನು ಆರಿಸಲು ಮಾತ್ರ ಬಲಿತವನು ಹೇಗಾದ? ಇದೇ ಕೆನಡಾದ ಒಂಟಾರಿಯೊ ಮತ್ತು ಕ್ವಿಬೆಕ್ ಲೀಗ್‌ಗಳು ಒಂದು ವರ್ಷ ತಡೆದು, ಹದಿನಾರು ತುಂಬುವ ವರ್ಷದಲ್ಲಿ ಆರಿಸುತ್ತವೆ. ಅದರಿಂದ ಅವು ಬಡವಾಗಿಲ್ಲ.

ಬೇಗ ಆರಿಸುವುದರಿಂದ ಬೇಗ ತಯಾರಿ ಶುರುವಾಗುತ್ತದೆ. ಎಡ್ಮಂಟನ್‌ನ ದೈತ್ಯ ಮಾಲ್ ಒಂದರೊಳಗಿನ ರಿಂಕಿನಲ್ಲಿ ಪ್ರತಿ ಜುಲೈಯಲ್ಲಿ ಹತ್ತು ವರ್ಷದ ಮಕ್ಕಳ ಆಹ್ವಾನಿತ ಪಂದ್ಯಾವಳಿ ನಡೆಯುತ್ತದೆ. ಅಂಗಡಿಗೆ ಬಂದವರು ಮೇಲಂತಸ್ತಿನ ಕಟಕಟೆಗೆ ಒರಗಿ ನೋಡುತ್ತಾರೆ. ಪುಟ್ಟ ಪುಟ್ಟ ಹುಡುಗರು ಹೆಲ್ಮೆಟ್ಟಿನೊಳಗಿಂದ ಕೋಚ್‌ನ ಮುಖವನ್ನೇ ನೋಡುತ್ತಾ ಬೆಂಚಿನ ಮೇಲೆ ಕೂತಿರುತ್ತಾರೆ. ಬೇಸಿಗೆಯಲ್ಲಿ ಕೆರೆಯಲ್ಲಿ ಈಜಿ, ಸೈಕಲ್ ತುಳಿದು ಮಂಡಿ ಕೆತ್ತಿಸಿಕೊಳ್ಳಬೇಕಾದ ವಯಸ್ಸದು.

ಆಮೇಲಿನ ಮೆಟ್ಟಿಲು ಹಾಕಿ ಅಕಾಡೆಮಿ. 2009ರಲ್ಲಿ ಆರಂಭವಾದ ಕೆನಡಿಯನ್ ಸ್ಪೋರ್ಟ್ ಸ್ಕೂಲ್ ಹಾಕಿ ಲೀಗ್ ಪಶ್ಚಿಮದ ಎಳೆಯರ ಹಾಕಿಯ ಸ್ವರೂಪವನ್ನೇ ಬದಲಿಸಿತು. ಬೆಳಿಗ್ಗೆ ಪಾಠ, ಮಧ್ಯಾಹ್ನ ರಿಂಕ್, ವಾರಾಂತ್ಯಗಳಲ್ಲಿ ಪಂದ್ಯ. ಸಂಜೆ ಹೊತ್ತಲ್ಲದ ಹೊತ್ತಿನಲ್ಲಿ ಅಭ್ಯಾಸಕ್ಕೆ ಓಡುವ ಗೋಳು ತಪ್ಪಿತು, ಕಲಿಸುವವರ ಗುಣಮಟ್ಟ ಏರಿತು. ಅದು ಸುಳ್ಳಲ್ಲ. ಬೆಡಾರ್ಡ್, ಡ್ಯುಪಾಂಟ್ ಇಬ್ಬರೂ ಇಂಥ ಶಾಲೆಗಳಿಂದಲೇ ಬಂದವರು. ಆದರೆ ವರ್ಷಕ್ಕೆ ಹತ್ತಾರು ಸಾವಿರ ಡಾಲರ್ ಶುಲ್ಕ ಕಟ್ಟುವ ತಾಕತ್ತು ಎಷ್ಟು ಮನೆಗಳಿಗಿದೆ? ಊರಿನ ಸಾರ್ವಜನಿಕ ರಿಂಕಿನಲ್ಲಿ, ಊರಿನದೇ ಸಂಘದ ತಂಡದಲ್ಲಿ ಆಡಿ ಮೇಲೆ ಬರುವ ಹಳೆಯ ದಾರಿ ಪೂರ್ತಿ ಮುಚ್ಚಿಲ್ಲ. ಆದರೂ ಸ್ಕೌಟ್‌ಗಳ ಕಣ್ಣು ಎಲ್ಲಿದೆ ಎಂದು ತಂದೆತಾಯಂದಿರಿಗೆ ಗೊತ್ತು. ಡ್ರಾಫ್ಟ್ ಹದಿನಾಲ್ಕಕ್ಕೆ ಇರುವುದರಿಂದಲೇ ಅವರು ಹನ್ನೆರಡಕ್ಕೆ ಸಾಲ ಮಾಡುತ್ತಾರೆ.

ಹಣವಿಲ್ಲದವರ ಮಕ್ಕಳಿಗೂ ಬಾಗಿಲು ತೆರೆದಿಟ್ಟ ಪರಂಪರೆ ಆ ನೆಲದಲ್ಲೇ ಇದೆ. ಸಸ್ಕಾಚೆವನ್‌ನ ವಿಲ್ಕಾಕ್ಸ್ ಎಂಬ ಹಳ್ಳಿಗೆ 1927ರಲ್ಲಿ ಬಂದ ಪಾದ್ರಿ ಆಥಲ್ ಮರ್ರಿ ಅಲ್ಲಿನ ನೋತ್ರ್ ದಾಮ್ ಶಾಲೆಯನ್ನು ಬೆಳೆಸಿದರು. ಮೂವತ್ತರ ದಶಕದ ಬರ ಮತ್ತು ಮುಗ್ಗಟ್ಟಿನಲ್ಲಿ ಕೈಯಲ್ಲಿ ಕಾಸಿಲ್ಲದವರಿಂದ ಶುಲ್ಕದ ಬದಲು ಹೊಲದಲ್ಲಿ ಬೆಳೆದದ್ದನ್ನು ಪಡೆದು ಮಕ್ಕಳನ್ನು ಸೇರಿಸಿಕೊಂಡರು. ವೆಂಡೆಲ್ ಕ್ಲಾರ್ಕ್, ರಾಡ್ ಬ್ರಿಂಡಾಮೋರ್‌ರಂಥ ದೊಡ್ಡ ಆಟಗಾರರು ಮುಂದೆ ಆ ಶಾಲೆಯಿಂದ ಬಂದರು. ಇಂದಿನ ಅಕಾಡೆಮಿಗಳು ಗೋಡೆಯ ಮೇಲೆ ಗೆದ್ದವರ ಪಟ ತೂಗುಹಾಕುವ ಮೊದಲು ಈ ಪಾದ್ರಿಯ ಲೆಕ್ಕದ ಪುಸ್ತಕವನ್ನು ನೆನೆಯಬೇಕು.

ಹುಡುಗ ಆಯ್ಕೆಯಾದ ಎಂದಿಟ್ಟುಕೊಳ್ಳೋಣ. ಹದಿನಾರಕ್ಕೆ ಮನೆ ಬಿಟ್ಟು ಪರ ಊರಲ್ಲಿ 'ಬಿಲೆಟ್' ಕುಟುಂಬವೊಂದರ ಮನೆಯಲ್ಲಿ ಇರುತ್ತಾನೆ. ತಂಡದ ಹುಡುಗನನ್ನು ಮನೆಮಗನಂತೆ ಸಾಕುವ ಈ ಕುಟುಂಬಗಳ ಔದಾರ್ಯಕ್ಕೆ ಯಾರಾದರೂ ತಲೆಬಾಗಬೇಕು. ಬಹುಪಾಲು ಹುಡುಗರು ಅಲ್ಲಿ ಪ್ರೀತಿ ಕಾಣುತ್ತಾರೆ. ಆದರೆ ಮನೆಯಿಂದ ದೂರವಿರುವ, ಭವಿಷ್ಯವೆಲ್ಲ ಒಬ್ಬ ಕೋಚ್‌ನ ಮರ್ಜಿಯಲ್ಲಿರುವ ಹುಡುಗ ಎಷ್ಟು ಅಸಹಾಯಕ ಎಂಬುದನ್ನು ಈ ಲೀಗ್ ಅತ್ಯಂತ ಕ್ರೂರವಾಗಿ ಕಂಡಿದೆ. ಸ್ವಿಫ್ಟ್ ಕರೆಂಟ್ ಬ್ರಾಂಕೋಸ್ ತಂಡವನ್ನು 1989ರಲ್ಲಿ ಮೆಮೋರಿಯಲ್ ಕಪ್ ಗೆಲ್ಲಿಸಿದ ಕೋಚ್ ಗ್ರಹಾಂ ಜೇಮ್ಸ್ ವರ್ಷಗಟ್ಟಲೆ ತನ್ನ ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದ. ಅವರಲ್ಲೊಬ್ಬರಾದ ಶೆಲ್ಡನ್ ಕೆನಡಿ 1996ರಲ್ಲಿ ದೂರು ಕೊಟ್ಟರು, ಮರುವರ್ಷ ಜೇಮ್ಸ್‌ಗೆ ಮೂರೂವರೆ ವರ್ಷ ಸಜೆಯಾಯಿತು. ಅವನ ಕೈಕೆಳಗೆ ಆಡಿದ್ದ ಇನ್ನೊಬ್ಬರಾದ ಥಿಯೋ ಫ್ಲೂರಿ 2009ರಲ್ಲಿ ತಮ್ಮ ಆತ್ಮಕಥೆಯಲ್ಲಿ ತಮಗಾದದ್ದನ್ನು ಬಹಿರಂಗಪಡಿಸಿದರು. ಕೆನಡಿ ಹಟತೊಟ್ಟು ದುಡಿದ ಫಲವಾಗಿ ಕೋಚ್‌ಗಳಿಗೂ ತಂದೆತಾಯಂದಿರಿಗೂ ಇಂದು ಈ ಬಗ್ಗೆ ಕಡ್ಡಾಯ ತರಬೇತಿಯಿದೆ. ಅದು ಬೇಕಾದದ್ದೇ. ಆದರೆ ತರಬೇತಿಯಿಂದ ಒಬ್ಬ ಕೋಚ್ ಎಚ್ಚರಗೊಳ್ಳಬಹುದು, ಹುಡುಗನ ಅಧೀನತೆ ಕಡಿಮೆಯಾಗುವುದಿಲ್ಲ. ಅವನಿಗೆ ಬೇರೆ ತಂಡಕ್ಕೆ ಹೋಗುವ ದಾರಿ ಇದ್ದಾಗಲೇ ಅವನು ಬಾಯಿ ಬಿಡುವ ಧೈರ್ಯ ಮಾಡುತ್ತಾನೆ.

ದುಡಿಮೆಯ ವಿಚಾರವೂ ಇದಕ್ಕೇ ಅಂಟಿಕೊಂಡಿದೆ. ಟಿಕೆಟ್ ಮಾರಾಟ, ಜಾಹೀರಾತು, ಪ್ರಸಾರ ಎಲ್ಲವೂ ವ್ಯಾಪಾರ. ಆಡುವವನಿಗೆ ಮಾತ್ರ ಕೈಖರ್ಚಿನಷ್ಟು ಭತ್ಯೆ. ಕನಿಷ್ಠ ಕೂಲಿ ಕೇಳಿ 2014ರಲ್ಲಿ ಆಟಗಾರರು ನ್ಯಾಯಾಲಯಕ್ಕೆ ಹೋದರು. ಸರ್ಕಾರಗಳು ಕಾನೂನನ್ನೇ ತಿದ್ದಿದವು. 2015ರಲ್ಲಿ ವಾಷಿಂಗ್ಟನ್ ರಾಜ್ಯ, 2016ರಲ್ಲಿ ಬ್ರಿಟಿಷ್ ಕೊಲಂಬಿಯಾ ಜೂನಿಯರ್ ಹಾಕಿ ಆಟಗಾರರನ್ನು ಕನಿಷ್ಠ ಕೂಲಿಯ ವ್ಯಾಪ್ತಿಯಿಂದ ಹೊರಗಿಟ್ಟವು. ಲೀಗ್ ಕೊಡುವ ಉತ್ತರ ವಿದ್ಯಾರ್ಥಿವೇತನ. ಆಡಿದ ಪ್ರತಿ ಋತುವಿಗೆ ಒಂದು ವರ್ಷದ ಕಾಲೇಜು ಶುಲ್ಕ ಮತ್ತು ಪುಸ್ತಕದ ಖರ್ಚು. ಇದು ಒಳ್ಳೆಯ ಯೋಜನೆ, ಎಷ್ಟೋ ಹುಡುಗರು ಇದರಿಂದ ಪದವಿ ಪಡೆದಿದ್ದಾರೆ. ಆದರೆ ಅದಕ್ಕೆ ಷರತ್ತುಗಳಿವೆ. ದುಡಿದು ಗಳಿಸಿದ್ದಕ್ಕೆ ಷರತ್ತು ಹಾಕುವುದು ಸರಿಯಲ್ಲ.

ಬದಲಾವಣೆ ಕೊನೆಗೂ ಬಂತು, ಹೊರಗಿನಿಂದ. ಈ ಲೀಗ್ ಸೇರಿದಂತೆ ಕೆನಡಾದ ಮೇಜರ್ ಜೂನಿಯರ್ ಲೀಗ್‌ಗಳಲ್ಲಿ ಆಡಿದವನನ್ನು ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ವೃತ್ತಿಪರನೆಂದು ಪರಿಗಣಿಸಿ ಬಾಗಿಲು ಮುಚ್ಚುತ್ತಿತ್ತು. ಹದಿನಾರರಲ್ಲಿ ಒಂಟಾರಿಯೊದ ತಂಡವೊಂದಕ್ಕೆ ಎರಡೇ ಎರಡು ಪ್ರದರ್ಶನ ಪಂದ್ಯ ಆಡಿದ ತಪ್ಪಿಗೆ ಅರ್ಹತೆ ಕಳೆದುಕೊಂಡ ಹುಡುಗನೊಬ್ಬ 2024ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ದಾವೆ ಹೂಡಿದ. ಅದೇ ನವೆಂಬರಿನಲ್ಲಿ ಆ ನಿಯಮ ಬಿತ್ತು. ಯುಕಾನ್‌ನ ವೈಟ್‌ಹಾರ್ಸ್‌ನಿಂದ ಬಂದು ಮೆಡಿಸಿನ್ ಹ್ಯಾಟ್ ಟೈಗರ್ಸ್ ಪರ ಮಿಂಚಿದ ಗ್ಯಾವಿನ್ ಮೆಕೆನ್ನಾ 2025ರಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದ. ಅಂದಹಾಗೆ, ಅವನು ಹುಟ್ಟಿದ್ದು ಡಿಸೆಂಬರ್ 20ರಂದು. ಜರಡಿಯಲ್ಲಿ ಉದುರದೆ ಉಳಿದ ಡಿಸೆಂಬರಿನ ಹುಡುಗ ಇಷ್ಟು ಎತ್ತರಕ್ಕೆ ಏರಬಲ್ಲನಾದರೆ, ಉದುರಿಹೋದವರಲ್ಲಿ ಏನೇನು ಕಳೆದುಹೋಗಿದೆಯೋ.

ತಡವಾಗಿ ಅರಳುವವರಿಗೆ ಬ್ರಿಟಿಷ್ ಕೊಲಂಬಿಯಾದ ಸರ್ರೆಯ ಅರ್ಷ್‌ದೀಪ್ ಬೈನ್ಸ್ ಇನ್ನೊಂದು ಸಾಕ್ಷಿ. ಪಂಜಾಬಿ ಮನೆತನದ ಈ ಹುಡುಗನನ್ನು ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ನ ಡ್ರಾಫ್ಟಿನಲ್ಲಿ ಯಾರೂ ಕೇಳಲಿಲ್ಲ. ರೆಡ್ ಡಿಯರ್ ರೆಬಲ್ಸ್ ತಂಡದಲ್ಲಿ ಉಳಿದು ಆಡಿ, 2021–22ರಲ್ಲಿ 112 ಅಂಕ ಗಳಿಸಿ ಇಡೀ ಲೀಗ್‌ಗೆ ಮೊದಲಿಗನಾದ. 2024ರಲ್ಲಿ ವ್ಯಾಂಕೂವರ್ ಕನಕ್ಸ್ ಪರ ಎನ್‌ಎಚ್‌ಎಲ್ ಅಂಗಳಕ್ಕಿಳಿದ. ಅವನು ಲೀಗ್‌ನ ಅಗ್ರಸ್ಥಾನ ಮುಟ್ಟಿದ್ದು ಇಪ್ಪತ್ತು ದಾಟಿದ ಮೇಲೆ.

ಕಾಲೇಜಿನ ಬಾಗಿಲು ತೆರೆದದ್ದರಿಂದ ಲೀಗ್ ಮುಳುಗಿಲ್ಲ. ಬ್ರಿಟಿಷ್ ಕೊಲಂಬಿಯಾದ ಬೇರೊಂದು ಲೀಗ್‌ನಲ್ಲಿ ಹೆಸರು ಮಾಡಿದ್ದ ಪೆಂಟಿಕ್ಟನ್ ವೀಸ್ ತಂಡ 2025ರಲ್ಲಿ ಇಲ್ಲಿಗೇ ಬಂದು ಸೇರಿತು. ಹುಡುಗರಿಗೆ ಆಯ್ಕೆ ಕೊಟ್ಟರೆ ಲೀಗ್ ಬೆಳೆಯುತ್ತದೆ ಎಂಬುದಕ್ಕೆ ಇನ್ನೇನು ಬೇಕು? ಹೀಗಿರುವಾಗ ಡ್ರಾಫ್ಟನ್ನು ಕನಿಷ್ಠ ಒಂದು ವರ್ಷ ಮುಂದಕ್ಕೆ ಹಾಕಿ ಒಂಟಾರಿಯೊದ ಸಾಲಿಗೆ ತರಲು, ಹುಡುಗನಿಗೆ ತಂಡ ಬೇಡವೆನ್ನುವ ಸರಳ ಹಕ್ಕು ಕೊಡಲು, ವಿದ್ಯಾರ್ಥಿವೇತನದ ಷರತ್ತು ತೆಗೆದುಹಾಕಲು ಲೀಗ್‌ಗೆ ಯಾವ ನೆಪವೂ ಉಳಿದಿಲ್ಲ.

ಕ್ಯಾಲ್ಗರಿ, ಎಡ್ಮಂಟನ್, ವ್ಯಾಂಕೂವರ್ ಕಡೆ ನೆಲೆಸಿರುವ ಕನ್ನಡದ ತಂದೆತಾಯಂದಿರು ಇದನ್ನು ಓದುತ್ತಿದ್ದರೆ ಒಂದು ಮಾತು. ಮಗನಿಗೆ ಆಟದ ಹುಚ್ಚು ಹಿಡಿದಿದ್ದರೆ ಆಡಲಿ, ಚೆನ್ನಾಗಿ ಆಡಲಿ. ಅಕಾಡೆಮಿಗೆ ಹಣ ಕಟ್ಟುವ ಮೊದಲು ಅವರು ತೋರಿಸುವ ಗೆದ್ದವರ ಪಟ್ಟಿಯನ್ನು ಪಕ್ಕಕ್ಕಿಟ್ಟು, ಡ್ರಾಫ್ಟ್ ಆಗದ ಹುಡುಗರು ಈಗ ಎಲ್ಲಿದ್ದಾರೆ, ಏನು ಓದುತ್ತಿದ್ದಾರೆ, ಇನ್ನೂ ಆಡುತ್ತಿದ್ದಾರೆಯೇ ಎಂದು ಕೇಳಿ. ಉತ್ತರ ಕೊಡದ ಕಡೆ ಮಗನನ್ನು ಸೇರಿಸಬೇಡಿ.