ಬೇಗ ಕಂಡರೆ ಸಾಕೇ?

ಒಂದಿಷ್ಟು ರಕ್ತ ಕೊಟ್ಟರೆ ಐವತ್ತಕ್ಕೂ ಹೆಚ್ಚು ಬಗೆಯ ಕ್ಯಾನ್ಸರ್‌ಗಳ ಸುಳಿವು ಕೊಡುತ್ತೇವೆ ಎನ್ನುತ್ತದೆ, ಅಮೆರಿಕದ ಗ್ರೇಲ್ ಕಂಪನಿ. ಅದರ ‘ಗ್ಯಾಲೆರಿ’ ಪರೀಕ್ಷೆಯ ಬೆಲೆ 949 ಡಾಲರ್. ಸಾಯುವ ಜೀವಕೋಶಗಳು ಡಿಎನ್‌ಎ ಚೂರುಗಳನ್ನು ರಕ್ತಕ್ಕೆ ಬಿಡುತ್ತವೆ. ಗೆಡ್ಡೆಯಿಂದ ಬಂದ ಚೂರುಗಳ ಮೇಲೆ ಮೀಥೈಲ್ ಎಂಬ ರಾಸಾಯನಿಕ ಗುರುತುಗಳು ಬೇರೆಯೇ ರೀತಿಯಲ್ಲಿರುತ್ತವೆ. ಅವನ್ನು ಓದಿ, ಕ್ಯಾನ್ಸರ್ ಇದೆಯೇ, ಇದ್ದರೆ ಯಾವ ಅಂಗದ್ದು ಎಂದು ಅಂದಾಜಿಸುತ್ತಾರೆ. ವಿಜ್ಞಾನವಾಗಿ ಇದು ಸೊಗಸಾದ ಕೆಲಸ, ಎರಡು ಮಾತಿಲ್ಲ. ಆದರೆ ಆರೋಗ್ಯವಂತರ ಮೇಲೆ ಮಾಡುವ ತಪಾಸಣೆಯ ಬೆಲೆಯನ್ನು ಕಟ್ಟಬೇಕಾದದ್ದು ಅದು ತಪ್ಪಿಸಿದ ಸಾವುಗಳಿಂದ.

ಬೇಗ ಸಿಕ್ಕರೆ ಬದುಕಿದಂತೆಯೇ ಅಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ ಅಂಡಾಶಯ ಕ್ಯಾನ್ಸರ್ ಪ್ರಯೋಗ ಈ ನಂಬಿಕೆಯನ್ನೇ ಅಲುಗಾಡಿಸಿತು. ಪ್ರತಿವರ್ಷ ಸಿಎ-125 ರಕ್ತಪರೀಕ್ಷೆ ಮಾಡಿಸಿಕೊಂಡವರಲ್ಲಿ ಮೊದಲ ಹಂತದ ಕ್ಯಾನ್ಸರ್‌ಗಳು ಹೆಚ್ಚು ಸಿಕ್ಕವು, ನಾಲ್ಕನೇ ಹಂತದವು ಕಡಿಮೆಯಾದವು. ಆದರೂ 2021ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸಾವುಗಳು ಇಳಿದಿರಲಿಲ್ಲ. ಉಗ್ರ ಸ್ವಭಾವದ ರೋಗ ಬೇಗ ಕಂಡರೂ ಕೈಮೀರಿರಬಹುದು. ಇಷ್ಟಾಗಿಯೂ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆ ಎನ್‌ಎಚ್‌ಎಸ್ ಸುಮಾರು 1.4 ಲಕ್ಷ ಜನರಲ್ಲಿ ಗ್ಯಾಲೆರಿಯನ್ನು ಒರೆಗೆ ಹಚ್ಚಲು ಹೊರಟಾಗ ಮುಖ್ಯ ಅಳತೆಯಾಗಿ ಆರಿಸಿಕೊಂಡದ್ದು ಮೂರು–ನಾಲ್ಕನೇ ಹಂತದ ಕ್ಯಾನ್ಸರ್‌ಗಳ ಇಳಿಕೆಯನ್ನೇ. ಸಾವಿನ ಲೆಕ್ಕಕ್ಕೆ ಹಲವು ವರ್ಷ ಕಾಯಬೇಕು, ಆ ಕಷ್ಟ ನಿಜ. ಆದರೆ ಕಾಯಲಾಗದ್ದರಿಂದ ಅಳತೆ ಸರಿಯಾಗಿಬಿಡುವುದಿಲ್ಲ. ಇನ್ನು ‘ಬೇಗ’ ಎಂಬ ಮಾತಿಗೆ ಬಂದರೆ, ಕಂಪನಿಯದೇ ಅಧ್ಯಯನದಲ್ಲಿ ಒಂದನೇ ಹಂತದ ನೂರು ಕ್ಯಾನ್ಸರ್‌ಗಳಲ್ಲಿ ಈ ಪರೀಕ್ಷೆಗೆ ಸಿಕ್ಕದ್ದು ಸುಮಾರು 17. ನಾಲ್ಕನೇ ಹಂತದಲ್ಲಿ 90!

ಕ್ಯಾನ್ಸರ್ ಇಲ್ಲದ ಸಾವಿರ ಜನರಲ್ಲಿ ಸುಳ್ಳು ಗಂಟೆ ಬಾರಿಸುವುದು ಐದೇ ಮಂದಿಗೆ ಎಂಬ ಸಮರ್ಥನೆಯಿದೆ. ಆದರೆ ಐವತ್ತು ದಾಟಿದ ಸುಮಾರು 6,600 ಜನರ ‘ಪಾತ್‌ಫೈಂಡರ್’ ಅಧ್ಯಯನದಲ್ಲಿ ಸುಳಿವು ಬಂದದ್ದು 92 ಮಂದಿಗೆ, ಕ್ಯಾನ್ಸರ್ ಖಚಿತವಾದದ್ದು 35 ಮಂದಿಗೆ. ಉಳಿದವರ ಪಾಲಿಗೆ ಸ್ಕ್ಯಾನ್, ಆತಂಕ, ಕೆಲವರಿಗೆ ಬಯಾಪ್ಸಿ. ಮೇದೋಜೀರಕದಂಥ ಅಂಗಗಳಿಗೆ ಸಾಮಾನ್ಯ ಜನರಿಗಾಗಿ ಬೇರೆ ತಪಾಸಣೆಯೇ ಇಲ್ಲವಲ್ಲ ಎಂಬ ಆಕ್ಷೇಪ ಹೆಚ್ಚು ತೂಕದ್ದು. ಅದು ಪ್ರಯೋಗ ಮುಂದುವರಿಸಲು ಒಳ್ಳೆಯ ಕಾರಣ, ಮಾರಾಟಕ್ಕಲ್ಲ. ಬೆಂಗಳೂರಿನ ಸ್ಟ್ರ್ಯಾಂಡ್ ಲೈಫ್ ಸೈನ್ಸಸ್ 2024ರ ಡಿಸೆಂಬರ್‌ನಲ್ಲಿ ಇದೇ ಮೀಥೈಲ್ ಗುರುತುಗಳನ್ನು ಆಧರಿಸಿದ ‘ಕ್ಯಾನ್ಸರ್‌ಸ್ಪಾಟ್’ ಪರೀಕ್ಷೆಯನ್ನು ಮಾರುಕಟ್ಟೆಗೆ ತಂದಿರುವುದರಿಂದ ಈ ಪ್ರಶ್ನೆ ನಮ್ಮ ಮನೆಬಾಗಿಲಿಗೂ ಬಂದಿದೆ. ಸಾವನ್ನು ಇಳಿಸಿ ತೋರಿಸಿದ ಸರಳ ತಪಾಸಣೆಯೂ ನಮ್ಮಲ್ಲಿದೆ: ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ಪ್ರಯೋಗದಲ್ಲಿ ಆರೋಗ್ಯ ಕಾರ್ಯಕರ್ತೆಯರು ವಿನೆಗರ್ ಹಚ್ಚಿ ಗರ್ಭಕೊರಳನ್ನು ಪರೀಕ್ಷಿಸಿದಾಗ ಆ ಕ್ಯಾನ್ಸರಿನ ಸಾವು ಶೇ 31ರಷ್ಟು ಇಳಿದಿತ್ತು. ಆದರೂ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಮೂವತ್ತರಿಂದ ನಲವತ್ತೊಂಬತ್ತು ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಗರ್ಭಕೊರಳ ತಪಾಸಣೆಯನ್ನು ಒಮ್ಮೆಯಾದರೂ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ.