ಸ್ವರಲಿಪಿಯ ಗೆರೆಯೂ ವಚನದ ಅರ್ಥವೂ

ವಚನಗಳನ್ನು ಸ್ವರಲಿಪಿಯೊಡನೆ ಅಚ್ಚುಮಾಡಿದ ಪುಸ್ತಕಗಳು ಸದ್ಭಕ್ತರ ಮನೆಗಳಲ್ಲಿ ಅಪರೂಪವಲ್ಲ. ಗುರುಮುಖದಿಂದ ಕಲಿಯುವ ಅನುಕೂಲವಿಲ್ಲದವರಿಗೆ ಅವು ದೊಡ್ಡ ಆಸರೆ. ಆದರೆ ಅವನ್ನು ನೋಡಿ ಹಾಡಲೆಳಸುವ ಹೊಸಬರ ಬಾಯಲ್ಲಿ ವಚನವು ಎಷ್ಟೋ ಸಲ ತುಂಡುತುಂಡಾಗಿ ಕೇಳಿಬರುತ್ತದೆ. ಸ್ವರ ತಪ್ಪಿರುವುದಿಲ್ಲ, ತಾಳ ತಪ್ಪಿರುವುದಿಲ್ಲ. ಅರ್ಥ ಮಾತ್ರ ಮುರಿದಿರುತ್ತದೆ. ಈ ದೋಷ ಲಿಪಿಯದೋ, ಓದುವವರದೋ, ಅಚ್ಚುಮಾಡಿದವರದೋ ಎಂಬುದನ್ನು ವಾಚಕರು ನನ್ನೊಡನೆ ವಿಚಾರಿಸಬೇಕೆಂದು ಬೇಡುತ್ತೇನೆ.

ಹಿಂದುಸ್ತಾನಿ ಸಂಗೀತದಲ್ಲಿ ಇಂದು ಬಹುವಾಗಿ ಬಳಕೆಯಲ್ಲಿರುವ ಲಿಪಿಯನ್ನು ರೂಪಿಸಿದವರು ಪಂಡಿತ ವಿಷ್ಣು ನಾರಾಯಣ ಭಾತಖಂಡೆಯವರು (1860–1936). ಅವರ ‘ಕ್ರಮಿಕ ಪುಸ್ತಕ ಮಾಲಿಕಾ’ ಬಾಯಿಂದ ಬಾಯಿಗೆ ಬಂದಿದ್ದ ಅನೇಕ ಚೀಜುಗಳನ್ನು ಬರಹಕ್ಕಿಳಿಸಿ ಉಳಿಸಿತು. ಈ ಲಿಪಿಯಲ್ಲಿ ಹೊಸಬರು ಮೊದಲು ಅರಿಯಬೇಕಾದ ಗುರುತುಗಳು ಕೆಲವೇ. ಸ್ವರದ ಕೆಳಗೆ ಚುಕ್ಕೆಯಿದ್ದರೆ ಮಂದ್ರ, ಮೇಲಿದ್ದರೆ ತಾರ. ಕೆಳಗೆ ಅಡ್ಡಗೆರೆಯಿದ್ದರೆ ಕೋಮಲ. ಮಧ್ಯಮದ ತಲೆಯ ಮೇಲೆ ಚಿಕ್ಕ ನಿಲುಗೆರೆಯಿದ್ದರೆ ತೀವ್ರ. ಸ್ವರದ ಮುಂದೆ ಬರುವ ಅಡ್ಡಗೆರೆಯೆಂದರೆ ಆ ಸ್ವರವನ್ನು ಇನ್ನೊಂದು ಮಾತ್ರೆ ಎಳೆಯಬೇಕು. ಗುಣಾಕಾರದ ಗುರುತು ಸಮ್, ಸೊನ್ನೆ ಖಾಲಿ. ಸಾಲಿನ ನಡುವೆ ನಿಲ್ಲುವ ಉದ್ದಗೆರೆ ತಾಳದ ಒಂದು ವಿಭಾಗ ಮುಗಿಯಿತೆಂದು ತಿಳಿಸುತ್ತದೆ.

ತೊಡಕಿರುವುದು ಈ ಉದ್ದಗೆರೆಯಲ್ಲಿಯೇ. ಶ್ಲೋಕಗಳ ಪುಸ್ತಕಗಳಲ್ಲಿ ನಿಲುಗೆರೆ ಕಂಡಲ್ಲಿ ನಿಲ್ಲುವುದನ್ನು ನಾವು ಬಾಲ್ಯದಿಂದಲೇ ರೂಢಿಸಿಕೊಂಡಿದ್ದೇವೆ. ಅದೇ ರೂಢಿಯಿಂದ ಇಲ್ಲಿಯೂ ಉಸಿರು ನಿಲ್ಲಿಸುತ್ತೇವೆ. ಸ್ವರಲಿಪಿಯ ಗೆರೆ ತಾಳ ಹಾಕುವ ಕೈಗೆ ಹೇಳಿದ್ದು, ನಾಲಗೆಗೆ ಹೇಳಿದ್ದಲ್ಲ.

ಬಸವಣ್ಣನವರ ಅಂಕಿತವನ್ನೇ ತೆಗೆದುಕೊಳ್ಳಿರಿ. ‘ಕೂಡಲಸಂಗಮದೇವಾ’ ಎಂಬುದಕ್ಕೆ ಹನ್ನೆರಡು ಮಾತ್ರೆ. ಹದಿನಾರು ಮಾತ್ರೆಗಳ ತೀನತಾಲದಲ್ಲಿ ನಾಲ್ಕು ನಾಲ್ಕು ಮಾತ್ರೆಗಳ ನಾಲ್ಕು ವಿಭಾಗಗಳು. ಸಮ್ ಮೇಲೆ ಆರಂಭಿಸಿದರೆ ‘ಕೂಡಲ’, ‘ಸಂಗಮ’, ‘ದೇವಾ’ ಎಂದು ಒಂದೊಂದು ಪದ ಒಂದೊಂದು ವಿಭಾಗವನ್ನು ತುಂಬುತ್ತದೆ; ಕೊನೆಯ ಆಕಾರವನ್ನೆಳೆದರೆ ನಾಲ್ಕನೆಯದೂ ತುಂಬುತ್ತದೆ. ಆದರೆ ರಾಗಸಂಯೋಜಕರು ಮೂರನೆಯ ಮಾತ್ರೆಯಿಂದ ಎತ್ತಿಕೊಂಡಿದ್ದರೆ, ಪುಟದ ಮೇಲೆ ‘ಕೂ’, ‘ಡಲಸಂ’, ‘ಗಮದೇ’, ‘ವಾ’ ಎಂದು ಗೆರೆಗಳು ಬೀಳುತ್ತವೆ. ಸಂಯೋಜಕರ ತಪ್ಪು ಇದರಲ್ಲಿಲ್ಲ. ಹಾಗೆ ಎತ್ತಿಕೊಳ್ಳುವುದು ಸಂಗೀತದ ಸೊಗಸು. ಗೆರೆಗೊಮ್ಮೆ ನಿಂತು ಹಾಡಿದರೆ ಮಾತ್ರ ಆರಾಧ್ಯ ದೈವದ ಹೆಸರೇ ಚೂರಾಗುತ್ತದೆ.

ವಚನಕ್ಕೆ ಕೀರ್ತನೆಯಂತೆ ಪಲ್ಲವಿ, ಚರಣಗಳ ಕಟ್ಟಿಲ್ಲ. ಅದರ ಸಾಲುಗಳು ಸಮವಲ್ಲ. ಅದರ ಲಯ ಅರ್ಥದ ಬೆನ್ನು ಹಿಡಿದು ನಡೆಯುವ ಮಾತಿನ ಲಯ. ಆದುದರಿಂದ ಸ್ವರಲಿಪಿಯ ಪುಸ್ತಕವು ಮೊದಲು ವಚನವನ್ನು ಇಡಿಯಾಗಿ, ಪದಗಳು ಬಿಡಿಯಾಗಿ ತೋರುವಂತೆ ಅಚ್ಚುಮಾಡಿ, ಬಳಿಕ ಸ್ವರಗಳನ್ನು ಕೊಡಬೇಕು. ಉಸಿರು ತೆಗೆಯುವ ಎಡೆಗಳಿಗೆ ಬೇರೆಯೇ ಗುರುತಿಡಬೇಕು. ಹಾಗೆ ಮಾಡದ ಪುಸ್ತಕ ಎಷ್ಟೇ ಅಂದವಾಗಿದ್ದರೂ ಅರೆ ಕೆಲಸ ಮಾಡಿದಂತೆ.

ಓದುಗರ ಹೊಣೆಯೂ ಉಂಟು. ಪೇಟಿಯ ಮುಂದೆ ಕುಳಿತ ಕೂಡಲೆ ಸ್ವರಗಳನ್ನು ಹುಡುಕಬೇಡಿರಿ. ಮೊದಲು ವಚನವನ್ನು ಅರ್ಥ ತಿಳಿಯುವವರೆಗೆ ಗಟ್ಟಿಯಾಗಿ ಓದಿರಿ. ಆಮೇಲೆ ಕೈಯಲ್ಲಿ ತಾಳ ಹಾಕುತ್ತ ಮಾತನ್ನಷ್ಟೇ ಹೇಳಿರಿ. ಸ್ವರ ಕೊನೆಗೆ ಬರಲಿ. ವಚನಗಳನ್ನು ಮನದುಂಬಿ ಹಾಡಿದ ಮಲ್ಲಿಕಾರ್ಜುನ ಮನಸೂರರ (1910–1992) ಧ್ವನಿಮುದ್ರಿಕೆಗಳು ಇಂದಿಗೂ ಕೇಳಸಿಗುತ್ತವೆ. ಅವರು ಎಲ್ಲಿ ನಿಲ್ಲುತ್ತಾರೆ, ಎಲ್ಲಿ ನಿಲ್ಲದೆ ಮುಂದುವರಿಯುತ್ತಾರೆ ಎಂಬುದಕ್ಕೆ ಕಿವಿಗೊಡಿರಿ.

ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಗಾನಯೋಗಿ ಪಂಚಾಕ್ಷರಿ ಗವಾಯಿಗಳು ಅಂಧರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914–2010) ಅಂಧರು. ಗುರುವಿನ ಕಂಠದಿಂದ ಶಿಷ್ಯನ ಕಿವಿಗೆ ವಿದ್ಯೆ ಹರಿದು ಬರಲು ಅಲ್ಲಿ ಅಚ್ಚಿನ ಪುಟ ಅಡ್ಡ ಬರಲಿಲ್ಲ. ಇದರಿಂದ ಲಿಪಿ ಬೇಡವೆಂದು ತಿಳಿಯಬಾರದು. ಗುರು ದೊರೆಯದ ಊರಿನಲ್ಲಿ ಅದೇ ದಾರಿದೀಪ. ಆದರೆ ಲಿಪಿ ಕುರುಹು ಮಾತ್ರ, ಅರಿವು ವಚನದಲ್ಲಿದೆ. ಕುರುಹನ್ನು ಓದಲು ಕಲಿತವರು ಅಲ್ಲಿಗೇ ನಿಲ್ಲದಿರಲಿ.