'ರನ್' ಶಬ್ದದ ಅರ್ಥವ್ಯಾಪ್ತಿ: ಒಂದು ವಿಮರ್ಶೆ

ಇಂಗ್ಲಿಷಿನ ಮೊದಲ ಪಾಠಗಳಲ್ಲಿಯೇ ನಮ್ಮ ಮಕ್ಕಳು ಕಲಿಯುವ ಸಣ್ಣ ಶಬ್ದಗಳಲ್ಲಿ 'ರನ್' ಎಂಬುದೂ ಒಂದು. ಬರೆದರೆ ಮೂರೇ ಅಕ್ಷರ. 'ರನ್ ಎಂದರೆ ಓಡು' ಎಂದು ನಾವು ಹಲಗೆಯ ಮೇಲೆ ಬರೆಯುತ್ತೇವೆ. ಮಕ್ಕಳು ಪುಸ್ತಕದಲ್ಲಿ ಇಳಿಸಿಕೊಳ್ಳುತ್ತಾರೆ. ಅಲ್ಲಿಗೆ ಆ ಶಬ್ದದ ವಿಚಾರ ಮುಗಿಯಿತೆಂದು ಕಲಿಸುವವರೂ ಕಲಿಯುವವರೂ ನೆಮ್ಮದಿಯಿಂದಿರುತ್ತಾರೆ. ಈ ನೆಮ್ಮದಿಗೆ ಆಧಾರವುಂಟೇ ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೆಯ ಆವೃತ್ತಿಯಲ್ಲಿ ಅತ್ಯಂತ ದೀರ್ಘವಾದ ವಿವರಣೆಯನ್ನು ಪಡೆದಿದ್ದ ಶಬ್ದ 'ಸೆಟ್'. ಅದರ ಅರ್ಥಭೇದಗಳು ಸುಮಾರು 430. ನಿಘಂಟಿನ ಪರಿಷ್ಕರಣಕಾರ್ಯ ಮುಂದುವರಿದು 2011ರಲ್ಲಿ 'ರನ್' ಶಬ್ದದ ಸರದಿ ಬಂದಾಗ, ಕ್ರಿಯಾಪದವೊಂದಕ್ಕೇ 645 ಅರ್ಥಭೇದಗಳನ್ನು ಸಂಪಾದಕರು ಎಣಿಸಿದರು. ಕಾಲಿನಿಂದ ಓಡುವ ಕ್ರಿಯೆಯನ್ನು ಹೇಳುತ್ತಿದ್ದ ಶಬ್ದವು ಹೊಳೆಗೆ, ಹಡಗಿಗೆ ಅನ್ವಯಿಸಿ, ಯಂತ್ರಯುಗದಲ್ಲಿ ಗಡಿಯಾರ, ರೈಲು, ಕಾರ್ಖಾನೆಗಳನ್ನು ಆವರಿಸಿ, ಇಂದು ಗಣಕಯಂತ್ರದವರೆಗೆ ಬಂದಿದೆ. ಮನುಷ್ಯನ ಬಾಳಿನಲ್ಲಿ ಚಲಿಸುವ ವಸ್ತುಗಳು ಹೆಚ್ಚಿದಂತೆಲ್ಲ ಈ ಶಬ್ದದ ಹೊರೆಯೂ ಹೆಚ್ಚಿತು.

ಇನ್ನು ಕನ್ನಡದ ಕಡೆಗೆ ತಿರುಗೋಣ. ಇಂಗ್ಲಿಷಿನವನಿಗೆ ಹೊಳೆಯೂ 'ರನ್' ಆಗುತ್ತದೆ, ನೆಗಡಿಯಾದ ಮೂಗೂ 'ರನ್' ಆಗುತ್ತದೆ. ನಮ್ಮಲ್ಲಿ ಹೊಳೆ ಹರಿಯುತ್ತದೆ, ಮೂಗು ಸೋರುತ್ತದೆ. ಅವನ ಬಟ್ಟೆಯ ಬಣ್ಣ 'ರನ್' ಆದರೆ ನಮ್ಮ ಬಟ್ಟೆ ಬಣ್ಣ ಬಿಡುತ್ತದೆ. ಅವನು ಅಂಗಡಿಯನ್ನು 'ರನ್' ಮಾಡಿದರೆ ನಾವು ನಡೆಸುತ್ತೇವೆ. ಗದ್ದೆಗಳ ನಡುವೆ ಅವನ ರಸ್ತೆ 'ರನ್' ಆಗುತ್ತದೆ, ನಮ್ಮದು ಹಾದುಹೋಗುತ್ತದೆ. ಅವನ ಅಕ್ಕಿ 'ರನ್ ಔಟ್' ಆದರೆ ನಮ್ಮದು ಮುಗಿಯುತ್ತದೆ. ಹಾಗೆಂದು ಎರಡು ಭಾಷೆಗಳೂ ಎಲ್ಲಿಯೂ ಕೂಡುವುದಿಲ್ಲವೆಂದಲ್ಲ. ಬಸ್ಸು ಎರಡರಲ್ಲಿಯೂ ಓಡುತ್ತದೆ. ಜನ ಮೆಚ್ಚಿದ ಚಲನಚಿತ್ರ ಎರಡರಲ್ಲಿಯೂ ನೂರು ದಿನ ಓಡುತ್ತದೆ. ಕ್ರಿಕೆಟಿನಲ್ಲಿಯಂತೂ ಒಂದು ವಿನೋದವಿದೆ: ಚೆಂಡು ಗಡಿಗೆರೆಯನ್ನು ದಾಟಿದರೆ ಆಟಗಾರ ನಿಂತಲ್ಲಿಯೇ ನಿಂತು ನಾಲ್ಕು 'ರನ್' ಗಳಿಸುತ್ತಾನೆ. ಓಟವಿಲ್ಲದ ಓಟವದು! ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ಯಾವ ಸೂತ್ರದಿಂದಲೂ ಮೊದಲೇ ಹೇಳಲಾಗದು, ಬಳಕೆಯಿಂದಲೇ ತಿಳಿಯಬೇಕು.

ಈ ತತ್ತ್ವವನ್ನು ನಮಗೆ ಕಲಿಸಿದವನು ಒಬ್ಬ ವಿದ್ಯಾರ್ಥಿ. ನಾವು ಕಾಸರಗೋಡಿನ ಕಡೆಯ ಕನ್ನಡ ಮಾಧ್ಯಮದ ತರಗತಿಯೊಂದರಲ್ಲಿ ಇಂಗ್ಲಿಷು ಬೋಧಿಸುತ್ತಿದ್ದ ಕಾಲ. 2000ನೆಯ ಇಸವಿಯಲ್ಲಿ ಕೇರಳದಲ್ಲಿ ಪಂಚಾಯತು ಚುನಾವಣೆ ನಡೆಯಿತು. ಅದೇ ವರ್ಷದ ಕೊನೆಯಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಯೂ ಆಯಿತು. ಕ್ರಿಸ್‌ಮಸ್ ಪರೀಕ್ಷೆಯಲ್ಲಿ ಆ ಬಾಲಕನು ತನ್ನ ಸೋದರಮಾವನ ವಿಷಯವಾಗಿ 'ಮೈ ಅಂಕಲ್ ಸ್ಟುಡ್ ಫಾರ್ ಎಲೆಕ್ಷನ್' ಎಂದು ಬರೆದಿದ್ದನು. 'ಚುನಾವಣೆಗೆ ನಿಂತನು' ಎಂಬ ಕನ್ನಡವನ್ನೇ ಇಂಗ್ಲಿಷಿಗೆ ಇಳಿಸಿದ್ದಾನೆಂದು ತಿಳಿದು, ಆ ದಿನಗಳ ಪತ್ರಿಕೆಗಳಲ್ಲಿ ಓದಿದ್ದ ಅಮೆರಿಕದ ಪ್ರಯೋಗವನ್ನು ನೆನೆದು, ನಾವು 'ಸ್ಟುಡ್' ಎಂಬುದನ್ನು ಕೆಂಪು ಮಸಿಯಿಂದ ಹೊಡೆದು 'ರ್ಯಾನ್' ಎಂದು ತಿದ್ದಿ ಅಂಕ ಕಳೆದೆವು. ಹುಡುಗನು ಉತ್ತರಪತ್ರಿಕೆಯನ್ನು ಹಿಡಿದುಕೊಂಡು ಬಂದು, "ಸರ್, ಮಾವ ಎಲೆಕ್ಷನಿಗೆ ನಿಂತದ್ದಲ್ಲವಾ? ಓಡಿದ್ದಲ್ಲ" ಎಂದನು. ತರಗತಿ ನಕ್ಕಿತು, ನಾವೂ ನಕ್ಕೆವು. ಅವನು ತಲೆ ತಗ್ಗಿಸಿ ಹೋಗಿ ಕುಳಿತನು.

ಕೆಲವು ವರ್ಷಗಳ ಅನಂತರ ಬೇರಾವುದೋ ಶಬ್ದಕ್ಕಾಗಿ ದೊಡ್ಡ ನಿಘಂಟೊಂದನ್ನು ತಿರುವುತ್ತಿದ್ದಾಗ ನಿಜಸ್ಥಿತಿ ತಿಳಿಯಿತು. ಚುನಾವಣೆಗೆ ಅಮೆರಿಕದವರು ಓಡುತ್ತಾರೆ. ಇಂಗ್ಲೆಂಡಿನವರು ನಮ್ಮಂತೆಯೇ ನಿಲ್ಲುತ್ತಾರೆ! ಬಾಲಕನ ವಾಕ್ಯ ಶುದ್ಧ ಇಂಗ್ಲಿಷಾಗಿತ್ತು. ಅಶುದ್ಧವಾಗಿದ್ದುದು ನಮ್ಮ ತಿದ್ದುಪಡಿ. ಅಷ್ಟರಲ್ಲಿ ಅವನು ಶಾಲೆ ಬಿಟ್ಟಾಗಿತ್ತು. ಆ ಅಂಕವನ್ನು ಹಿಂದಿರುಗಿಸುವ ಅವಕಾಶ ನಮಗೆ ಮತ್ತೆ ಒದಗಲಿಲ್ಲ.

ದೋಷ ಎಲ್ಲಿತ್ತು? ಶಬ್ದಕ್ಕೆ ಅರ್ಥವೆಂಬುದು ಅದರ ಮೈಮೇಲೆಯೇ ಅಂಟಿಕೊಂಡಿದೆಯೆಂಬ ನಮ್ಮ ನಂಬಿಕೆಯಲ್ಲಿತ್ತು. ನಮ್ಮ ಪ್ರಾಚೀನ ಶಾಸ್ತ್ರಕಾರರಿಗೆ ಈ ಭ್ರಮೆ ಇರಲಿಲ್ಲ. 'ಸೈಂಧವ'ವೆಂದರೆ ಉಪ್ಪೂ ಹೌದು, ಸಿಂಧೂದೇಶದ ಕುದುರೆಯೂ ಹೌದು. ಊಟಕ್ಕೆ ಕುಳಿತವನು ಸೈಂಧವ ತಾ ಎಂದರೆ ಉಪ್ಪು ತರಬೇಕು. ಪ್ರಯಾಣಕ್ಕೆ ಹೊರಟವನು ಹೇಳಿದರೆ ಕುದುರೆ ತರಬೇಕು. ಸಂದರ್ಭ, ಸಾಹಚರ್ಯ, ಸನ್ನಿಧಿಗಳು ಅರ್ಥವನ್ನು ನಿಶ್ಚಯಿಸುತ್ತವೆಂದು ಭರ್ತೃಹರಿಯು ವಾಕ್ಯಪದೀಯದಲ್ಲಿ ವಿವರಿಸಿದ್ದಾನೆ. ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಜೇಮ್ಸ್ ಮರೆ ಅವರು ಹಿಡಿದ ದಾರಿಯೂ ಇದಕ್ಕೆ ಹತ್ತಿರವಾದುದೇ. 1879ರಲ್ಲಿ ಆ ಹೊಣೆಯನ್ನು ಹೊತ್ತಾಗ ಅವರೂ ನಮ್ಮಂತೆ ಶಾಲಾ ಉಪಾಧ್ಯಾಯರೇ ಆಗಿದ್ದರು. ಓದುಗರು ಪುಸ್ತಕಗಳಿಂದ ವಾಕ್ಯಗಳನ್ನು ಚೀಟಿಗಳ ಮೇಲೆ ಬರೆದು ಕಳುಹಿಸುತ್ತಿದ್ದರು. ಆ ಚೀಟಿಗಳನ್ನು ವಿಂಗಡಿಸಿ ಅರ್ಥಗಳನ್ನು ಗೊತ್ತುಮಾಡುತ್ತಿದ್ದರು. ಮೊದಲು ವಾಕ್ಯ, ಆಮೇಲೆ ಅರ್ಥ. ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಲ್ಲಿಯೂ ಅರ್ಥದ ಜೊತೆಗೆ ಪ್ರಯೋಗವಾಕ್ಯಗಳನ್ನು ಕೊಟ್ಟಿರುವುದನ್ನು ವಾಚಕರು ಬಲ್ಲರು.

ತರಗತಿಗೆ ಬರುವ ಕೈಪಿಡಿಗಳಾದರೋ ಈ ಕ್ರಮವನ್ನು ತಲೆಕೆಳಗು ಮಾಡಿವೆ. ಒಂದು ಕಡೆ ಇಂಗ್ಲಿಷು ಶಬ್ದ, ಎದುರಿಗೆ ಒಂದೇ ಕನ್ನಡ ಶಬ್ದ. ವಾಕ್ಯದ ಸುಳಿವೇ ಇಲ್ಲ. ಇಂಥ ಪಟ್ಟಿಯನ್ನು ಉರುಹೊಡೆದ ಮಗು 'ನನ್ನ ತಂದೆ ಅಂಗಡಿ ಓಡಿಸುತ್ತಾರೆ' ಎಂದು ಬರೆದರೆ ಅದರ ತಪ್ಪೇನು? ಇಂಗ್ಲಿಷು ಬಾರದಿರುವುದರ ಜೊತೆಗೆ ಇದ್ದ ಕನ್ನಡವೂ ಕೆಡುತ್ತದೆ.

ಗಡಿನಾಡಿನ ಮಕ್ಕಳು ಮೂರು ನಾಲ್ಕು ಭಾಷೆಗಳ ಹೊರೆಯಲ್ಲಿ ಬಳಲುತ್ತಾರೆಂಬ ಮಾತು ಆಗಾಗ ಕೇಳಿಬರುತ್ತದೆ. ಆದರೆ ಈ ವಿಷಯದಲ್ಲಿ ಅವರಿಗೆ ಒಂದು ಅನುಕೂಲವೇ ಇದೆಯೆಂದು ನಮ್ಮ ಅಭಿಪ್ರಾಯ. ಕನ್ನಡದಲ್ಲಿ ಅಂಗಿಯನ್ನೂ ಹಾಕುತ್ತೇವೆ, ಬೀಗವನ್ನೂ ಹಾಕುತ್ತೇವೆ, ಸಹಿಯನ್ನೂ ಹಾಕುತ್ತೇವೆ, ಲೆಕ್ಕವನ್ನೂ ಹಾಕುತ್ತೇವೆ. ತುಳುವಿನ 'ಪಾಡುನಿ' ಅಂಗಿ, ಬೀಗಗಳೆರಡಕ್ಕೂ ಸಲ್ಲುತ್ತದೆ. ಮಲಯಾಳದ 'ಇಡುಕ' ಅಂಗಿಗೂ ಸಹಿಗೂ ಒದಗಿದರೂ, ಬೀಗಕ್ಕೆ ಅಲ್ಲಿ 'ಪೂಟ್ಟುಕ' ಎಂಬ ಬೇರೆಯೇ ಮಾತಿದೆ. ಇಂಗ್ಲಿಷಿನಲ್ಲಿ ಒಂದೊಂದಕ್ಕೂ ಬೇರೆ ಬೇರೆ ಕ್ರಿಯಾಪದ ಬೇಕು. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಆಡುವ ಮಗುವಿಗೆ ಭಾಷೆಗಳು ಹೆಜ್ಜೆಗೆ ಹೆಜ್ಜೆ ಹೊಂದುವುದಿಲ್ಲವೆಂಬುದು ಅನುಭವದಿಂದಲೇ ಗೊತ್ತಿದೆ. ಆ ಅರಿವಿನ ಮೇಲೆ ಇಂಗ್ಲಿಷಿನ ಪಾಠವನ್ನು ಕಟ್ಟುವುದು ಉಪಾಧ್ಯಾಯರ ಕೆಲಸ.

ಆದುದರಿಂದ ಉಪಾಧ್ಯಾಯ ಬಂಧುಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ವಾಕ್ಯವಿಲ್ಲದೆ ಶಬ್ದದ ಅರ್ಥವನ್ನು ಕೇಳದಿರೋಣ. ಮಕ್ಕಳ ಪುಸ್ತಕದಲ್ಲಿ ಒಂದು ಶಬ್ದಕ್ಕೆ ಒಂದು ಅರ್ಥದ ಬದಲು ಮೂರು ವಾಕ್ಯಗಳನ್ನು ಬರೆಯಿಸೋಣ. ಅವುಗಳಿಗೆ ಸಹಜವಾದ ಕನ್ನಡವನ್ನು ಅವರಿಂದಲೇ ಹೇಳಿಸೋಣ. ಮಗುವಿನ ವಾಕ್ಯ ಕನ್ನಡದಂತೆ ತೋರಿತೆಂಬ ಕಾರಣಕ್ಕಾಗಿಯೇ ಅದನ್ನು ಹೊಡೆದುಹಾಕದೆ, ಕೆಂಪು ಮಸಿಗೆ ಮುಂಚೆ ನಿಘಂಟನ್ನು ತೆರೆಯೋಣ. ತೆರೆಯದೆ ತಿದ್ದಿದವರ ಅನುಭವವನ್ನು ಮೇಲೆ ನಿವೇದಿಸಿದ್ದೇವೆ.